ಮೂಲೆಯ ಕೆಂಪು ಗಂಟು

ಹಾಸಿಗೆ ಮಾಡುವವರ ಮನೆಯಲ್ಲೇ ಯಾರಿಗೂ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ ಅಂದರೆ ನೀವು ನಗುತ್ತೀರಿ. ನಗಿ, ತಪ್ಪೇನಿಲ್ಲ. ಸೊಸೆಗೂ ಒಂದೊಂದು ಸಲ ನಗು ಬರುತ್ತಿತ್ತು. ಆದರೆ ಮನೆಯ ಮುಂಭಾಗದ ಅಂಗಡಿಯಲ್ಲಿ ಹತ್ತಿ ಹಿಂಜುವ ಮಷೀನು ಇತ್ತಲ್ಲ, ಅದಕ್ಕೊಬ್ಬ ಗಿರಾಕಿ ಹುಟ್ಟಿಕೊಂಡಿದ್ದ. ಅವನನ್ನು ಹುಡುಕಿ ತಂದವನು ಬೇರೆ ಯಾರೂ ಅಲ್ಲ, ಅವಳ ಗಂಡನೇ. ತಿಂಗಳು ಕಳೆಯುವುದರೊಳಗೆ ದೊಡ್ಡ ಕೆಲಸ ಯಾವುದಾದರೂ ಕೈಗೆ ಬಂದರೆ ಸರಿ, ಇಲ್ಲವಾದರೆ ಬಂದು ಮಷೀನು ಬಿಚ್ಚಿಕೊಂಡು ಹೋಗಿ ಎಂದು ಮಾತು ಕೊಟ್ಟು ಬಂದಿದ್ದ. ತನಗೆ ಫೋಮ್ ಹಾಸಿಗೆಯ ಶೋರೂಮಿನಲ್ಲಿ ಗಾಡಿ ಓಡಿಸುವ ಕೆಲಸವನ್ನೂ ನೋಡಿಟ್ಟುಕೊಂಡಿದ್ದ.

ಹಾಗಂತ ಅವನನ್ನು ಕೆಟ್ಟವನು ಅನ್ನಬೇಡಿ. ಅಂಗಡಿಗೆ ಹೊಸ ಹಾಸಿಗೆ ಕೇಳಿಕೊಂಡು ಬರುವವರೇ ಇಲ್ಲವಾಗಿದ್ದರು. ಹಳೇ ಹಾಸಿಗೆಯ ಹತ್ತಿ ಗಟ್ಟಿಯಾಗಿದೆ, ಬಿಚ್ಚಿ ಹಿಂಜಿ ಮತ್ತೆ ತುಂಬಿಕೊಡಿ ಅನ್ನುವ ವಯಸ್ಸಾದವರು ಅಷ್ಟಿಷ್ಟು ಬರುತ್ತಿದ್ದರು. ಉಳಿದ ಹೊತ್ತೆಲ್ಲ ಅವನು ಹಾಸಿಗೆ ಸಾಗಿಸುವ ತಮ್ಮ ಗಾಡಿಯ ಗಾಜು ಒರೆಸುತ್ತ ಕೂರಬೇಕಿತ್ತು. ದುಡಿಯುವ ಕೈ ಎಷ್ಟು ದಿನ ಅಂತ ಗಾಜು ಒರೆಸೀತು ಹೇಳಿ!

ಸೊಸೆಯ ಸಂಕಟವೇ ಬೇರೆ. ಮಷೀನು ಹೋದರೆ ಮಾವ ಏನು ಮಾಡುತ್ತಾರೆ? ಬೀದಿಯ ಮಕ್ಕಳಿಗೆಲ್ಲ ಅವರು ಹಾಸಿಗೆ ತಾತ. ಬೆಳಗಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಷೀನಿನ ಮುಂದೆ ನಿಲ್ಲುವುದು, ಸಂಜೆಯಾದರೆ ಹುಬ್ಬಿನ ಮೇಲೆಲ್ಲ ಹತ್ತಿ ಅಂಟಿಸಿಕೊಂಡು ಒಳಗೆ ಬರುವುದು, ಅವರಿಗೆ ಗೊತ್ತಿದ್ದ ಬದುಕು ಅಷ್ಟೇ. ಮದುವೆಯಾಗಿ ಬಂದವಳಿಗೆ ಕೆಲಸ ಕಲಿಸಿದವರೂ ಅವರೇ. ಹತ್ತಿಯ ಎಳೆಯ ಉದ್ದ ನೋಡುವುದು, ಗವಸಿಗೆ ಬಟ್ಟೆ ಕತ್ತರಿಸುವುದು, ತುಂಬಿದ ಹತ್ತಿ ಅತ್ತಿತ್ತ ಸರಿಯದ ಹಾಗೆ ದಬ್ಬಣದಲ್ಲಿ ಆಳದ ಹೊಲಿಗೆ ಹಾಕುವುದು, ಎಲ್ಲವನ್ನೂ ಕಲಿಸಿದ್ದರು. ಒಂದನ್ನು ಮಾತ್ರ ಕಲಿಸಿರಲಿಲ್ಲ.

ಅದು ಕೆಂಪು ಗಂಟು. ಹಾಸಿಗೆ ಹೊಲಿದು ಮುಗಿದ ಮೇಲೆ ಒಂದು ಮೂಲೆಯಲ್ಲಿ, ಅಂಚು ಮಡಚುವ ಕಡೆ, ಮಾವ ಕೆಂಪು ದಾರದಲ್ಲಿ ಕಾಳಿನಷ್ಟು ದೊಡ್ಡ ಗಂಟು ಹಾಕುತ್ತಿದ್ದರು. ಅವರಪ್ಪನಿಂದ ಬಂದದ್ದು. ಹತ್ತಿಯ ಹಾಸಿಗೆ ಕೆಲವು ವರ್ಷಕ್ಕೊಮ್ಮೆ ಹಿಂಜಿಸಿಕೊಳ್ಳಲು ತವರಿಗೆ ಬರಲೇಬೇಕು. ಬಂದಾಗ ಮಾವ ಮೊದಲು ಮೂಲೆ ತಡವುತ್ತಿದ್ದರು. ಗಂಟು ಸಿಕ್ಕಿತೋ, "ನಮ್ಮನೆ ಕೂಸು ಕಣಮ್ಮ, ಇದಕ್ಕೆ ಮೊದಲು ಮಾಡೋಣ" ಅನ್ನುತ್ತಿದ್ದರು. ಸೊಸೆ ಬಂದ ಹೊಸತರಲ್ಲಿ "ನಂಗೂ ಹೇಳ್ಕೊಡಿ ಮಾವ" ಅಂತ ಕೇಳಿದ್ದಳು. "ನಾನಿರೋವರೆಗೂ ನಾನೇ ಹಾಕ್ತೀನಿ. ಆಮೇಲಿನದು ಆಮೇಲೆ" ಅಂದುಬಿಟ್ಟಿದ್ದರು. ಸ್ವಂತ ಮಗನಿಗೇ ಕಲಿಸದ ಮನುಷ್ಯ, ಇನ್ನು ಸೊಸೆಗೆ ಕಲಿಸುತ್ತಾರೆಯೇ?

ಊರಾಚೆ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಹಾಸ್ಟೆಲುಗಳಿದ್ದವು, ಹಾಸ್ಟೆಲಿನಲ್ಲಿ ಮಂಚಗಳಿದ್ದವು. ಮಂಚವಿದ್ದ ಮೇಲೆ ಹಾಸಿಗೆ ಬೇಡವೇ? ಹೋದ ವರ್ಷ ಸೊಸೆ ಒಂದು ದಿನ ಸೀದಾ ಹಾಸ್ಟೆಲಿನ ಬಾಗಿಲಿಗೇ ಹೋಗಿ ಕೇಳಿದ್ದಳು. ಕಾವಲುಗಾರ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇದೇನು ಸೊಪ್ಪು ಮಾರೋ ಹಂಗೆ ಬಾಗಿಲಲ್ಲಿ ಕೇಳ್ತೀಯಲ್ಲಮ್ಮ! ಖರೀದಿ ವಿಭಾಗಕ್ಕೆ ಹೋಗು" ಅಂದಿದ್ದ. ಖರೀದಿ ವಿಭಾಗದಲ್ಲಿ ಒಬ್ಬ ಮೇಡಂ ಇದ್ದರು, ಕನ್ನಡಕ ಮೂಗಿನ ತುದಿಗೆ ಬಂದರೂ ಮೇಲಕ್ಕೆ ಸರಿಸದವರು. ಇಲ್ಲಿ ಏನು ಕೊಳ್ಳುವುದಿದ್ದರೂ ಟೆಂಡರ್ ಕರೆದೇ ಕೊಳ್ಳುವುದು, ನಮ್ಮ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ, ನಿಮ್ಮ ಸಾಮಾನಿನ ವರ್ಗ ಆರಿಸಿಕೊಳ್ಳಿ, ಟೆಂಡರ್ ಕರೆದಾಗ ಮೊಬೈಲಿಗೆ ಸುದ್ದಿ ಬರುತ್ತೆ ಎಂದು ಬಿಡಿಸಿ ಹೇಳಿದ್ದರು.

ಸೊಸೆ ನೋಂದಾಯಿಸಿದಳು. ಸುದ್ದಿಯೂ ಬರತೊಡಗಿತು. ಕಬ್ಬಿಣದ ಕಪಾಟು ಬೇಕು, ಒರಗುವ ಕುರ್ಚಿ ಬೇಕು, ಗ್ರಂಥಾಲಯಕ್ಕೆ ಮೇಜು ಬೇಕು. ವರ್ಷವಿಡೀ ಬಂತು. ಹಾಸಿಗೆ ಎಂಬ ಮೂರಕ್ಷರ ಮಾತ್ರ ಬರಲಿಲ್ಲ. ಮೊಬೈಲು ಕುಯ್ಯೆಂದಾಗೆಲ್ಲ ಗಂಡ, "ಏನಂತೆ, ಇವತ್ತು ಕಪಾಟಾ ಕುರ್ಚಿನಾ?" ಅಂತ ಛೇಡಿಸುತ್ತಿದ್ದ. ಕೊನೆಗೆ ಅವಳಿಗೆ ರೇಗಿಹೋಯಿತು. ಖರೀದಿ ವಿಭಾಗಕ್ಕೆ ಹೋಗಿ ಕೇಳಿಯೇಬಿಟ್ಟಳು.

"ಮೇಡಂ, ನಿಮ್ಮ ಹಾಸ್ಟೆಲ್ ಮಕ್ಕಳೇನು ಕುರ್ಚಿ ಮೇಲೆ ಮಲಗ್ತಾರಾ?"

ಮೇಡಂ ಕಂಪ್ಯೂಟರ್ ನೋಡಿ ನಕ್ಕುಬಿಟ್ಟರು. "ನೀವು ಪೀಠೋಪಕರಣ ಅಂತ ವರ್ಗ ಆರಿಸಿದ್ದೀರಲ್ಲಮ್ಮ. ಹಾಸಿಗೆ ಜವಳಿ ಕೆಳಗೆ ಬರುತ್ತೆ."

"ಹಾಸಿಗೆ ಇರೋದು ಮಂಚದ ಮೇಲಲ್ವಾ?"

"ಮಂಚದ ಮೇಲಿದ್ರೂ ನಮ್ಮ ಲೆಕ್ಕಕ್ಕೆ ಅದು ಬಟ್ಟೇನೇ. ಕೊಡಿ ಇಲ್ಲಿ, ಬದಲಾಯಿಸೋದು ಹೇಗೆ ಅಂತ ತೋರಿಸ್ತೀನಿ."

ಒಂದು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಆದರೆ ಮೊನ್ನೆ ಮೊನ್ನೆ, ಮಷೀನಿನ ಗಿರಾಕಿಗೆ ಗಂಡ ಮಾತು ಕೊಟ್ಟು ಬಂದ ವಾರದಲ್ಲೇ, ಮೊಬೈಲು ಮತ್ತೆ ಕುಯ್ಯೆಂದಿತು. ಹತ್ತಿ ತುಂಬುತ್ತಿದ್ದ ಕೈಯನ್ನು ಸೀರೆಗೆ ಒರೆಸಿಕೊಂಡು ನೋಡಿದರೆ, ಹಾಸಿಗೆ! ಹೊಸ ಹಾಸ್ಟೆಲಿಗೆ ಒಂದು ಪಾಲು, ಹಳೇ ಹಾಸ್ಟೆಲಿಗೆ ಇನ್ನೊಂದು ಪಾಲು. ಹೊಸದು ಮೂರಂತಸ್ತಿನ ಕಟ್ಟಡ, ಹಳೆಯದು ಚಿಕ್ಕದು.

ಗಂಡ ನೋಡಿ, "ಹಾಕೋದಾದ್ರೆ ಎರಡಕ್ಕೂ ಹಾಕು. ಹೋದ್ರೆ ಒಂದು ಕಲ್ಲು, ಬಿದ್ರೆ ಒಂದು ಹಣ್ಣು" ಅಂದ.

"ಹಣ್ಣು ಬಿದ್ದಮೇಲೆ ಹೊರೋರ್ಯಾರು? ಹೇಳಿದ ದಿನಕ್ಕೆ ಕೊಡಕ್ಕಾಗ್ದೆ ಹೋದ್ರೆ ಮತ್ತೆ ನಮ್ಮನ್ನ ಕರೆಯೋದೇ ಇಲ್ವಂತೆ. ಚಿಕ್ಕದಕ್ಕೆ ಮಾತ್ರ ಹಾಕೋಣ ಕಣ್ರೀ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಾಸಿಗೆ ಮಾಡೋರಿಗೇ ಬೇರೆಯವ್ರು ಹೇಳ್ಬೇಕಾ?"

ಒಳಗಿದ್ದ ಮಾವ ಗಟ್ಟಿಯಾಗಿ ನಕ್ಕರು. ಆ ನಗು ಆ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು.

ಟೆಂಡರಿಗೆ ಮೊದಲು ಒಂದು ಸಭೆ ಇಟ್ಟಿದ್ದರು, ಪೂರೈಕೆದಾರರಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಅಂತ. ಸೊಸೆ ಹೋದಳು. ಸುತ್ತ ಕೂತವರೆಲ್ಲ ಬೂಟು ಹಾಕಿಕೊಂಡ ದೊಡ್ಡ ಕಂಪನಿಯವರು. ಆದರೂ ಎದ್ದು ನಿಂತು ಕೇಳಿದಳು. "ನಮ್ದು ಹತ್ತಿ ಹಾಸಿಗೆ. ಗಟ್ಟಿಯಾದಾಗ ಎಸೀಬೇಕಾಗಿಲ್ಲ, ನಾವೇ ತಗೊಂಡು ಹೋಗಿ ಹಿಂಜಿ ಮತ್ತೆ ತುಂಬಿಕೊಡ್ತೀವಿ. ಇದನ್ನ ಅರ್ಜೀಲಿ ಬರೀಬಹುದಾ?" ಹಿಂದೆ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಬರೆದುಕೊಂಡು, ಆಮೇಲೆ ಎಲ್ಲರಿಗೂ ಕಳಿಸಿದ ಉತ್ತರಗಳಲ್ಲಿ "ಬರೆಯಬಹುದು" ಎಂದು ಸೇರಿಸಿದ್ದರು.

ಇನ್ನು ಉಳಿದದ್ದು ಅರ್ಜಿಯ ಜೊತೆ ಕೊಡಬೇಕಾದ ಮಾದರಿ ಹಾಸಿಗೆ. ಅದಕ್ಕೊಂದು ನಿಯಮವಿತ್ತು. ಮಾದರಿಯ ಮೇಲೆ ತಯಾರಿಸಿದವರ ಹೆಸರಾಗಲಿ ಗುರುತಾಗಲಿ ಏನೇನೂ ಇರಕೂಡದು, ಇದ್ದರೆ ಅರ್ಜಿಯೇ ತಿರಸ್ಕಾರ. ಯಾರ ಹಾಸಿಗೆ ಯಾವುದು ಎಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದಂತೆ. ಒಳ್ಳೆಯ ನಿಯಮವೇ, ಅಲ್ಲವೇ? ಬೂಟಿನವರಿಗೂ ಬರಿಗಾಲಿನವರಿಗೂ ಒಂದೇ ತಕ್ಕಡಿ.

"ಮಾವ, ಈ ಒಂದಕ್ಕೆ ಗಂಟು ಬೇಡ" ಅಂದಳು ಸೊಸೆ.

"ಆಯ್ತಮ್ಮ, ಎಷ್ಟು ಸಲ ಹೇಳ್ತೀಯಾ. ನಂಗೇನು ಅರಳು ಮರಳಾ?"

ಮಾದರಿಯನ್ನು ಮಾವ ಯಾರಿಗೂ ಮುಟ್ಟಗೊಡಲಿಲ್ಲ. ಹತ್ತಿಯನ್ನು ತಾವೇ ಆರಿಸಿದರು, ತಾವೇ ಹಿಂಜಿದರು, ಬೆಳ್ಳಗೆ ಉಬ್ಬಿ ಬಂದ ರಾಶಿಯನ್ನು ಅಂಗೈಯಲ್ಲಿ ಒತ್ತಿ ನೋಡಿದರು. ಕೊನೆಯ ದಿನ ಊಟದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಅದನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೇರಿಸಿ, ಖರೀದಿ ವಿಭಾಗಕ್ಕೆ ಒಪ್ಪಿಸಿ, ದರ ಬರೆದು ಮುಚ್ಚಿದ ಲಕೋಟೆಯನ್ನು ಟೆಂಡರ್ ಪೆಟ್ಟಿಗೆಗೆ ಹಾಕಿ ಬಂದರು. ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆಗೆ ಸೀಲು. ಸೊಸೆಗೆ ತಲೆ ಮೇಲಿನ ಭಾರ ಇಳಿದಂತಿತ್ತು. ಮನೆಗೆ ಬಂದು ನೀರು ಕುಡಿದು, ಮಾವನಿಗೂ ಒಂದು ಲೋಟ ಹಿಡಿದುಕೊಂಡು ಅಂಗಡಿಗೆ ಹೋದಳು.

ಮಾವ ದಿಂಬಿನ ಗವಸು ಹೊಲಿಯುತ್ತ ಕೂತಿದ್ದರು. ಅಂಗಿಯ ಹೆಗಲಿಗೆ ಎಂದಿನ ಹಾಗೆ ದಬ್ಬಣ ಚುಚ್ಚಿಕೊಂಡಿದ್ದರು. ದಬ್ಬಣದ ಕಣ್ಣಿನಲ್ಲಿ ಗೇಣುದ್ದ ಕೆಂಪು ದಾರ ಜೋತಾಡುತ್ತಿತ್ತು.

ಸೊಸೆ ಲೋಟ ಕೆಳಗಿಟ್ಟಳು.

"ಮಾವ... ಆ ದಾರ ಯಾವಾಗಿಂದು?"

ಮಾವ ಹೆಗಲು ನೋಡಿಕೊಂಡರು. ದಾರ ಮುಟ್ಟಿ ನೋಡಿದರು. ಮುಖದ ಬಣ್ಣವೇ ಇಳಿದುಹೋಯಿತು. "ನಿನ್ನೆ ಬೇರೆ ಯಾವ್ದಕ್ಕೂ ಹೊಲಿಗೆ ಹಾಕಿಲ್ವಲ್ಲಮ್ಮ" ಅಂದರು. ಆಮೇಲೆ ತಮ್ಮ ಬಲಗೈಯನ್ನೇ ದಿಟ್ಟಿಸುತ್ತ, "ನಾನು ಹಾಕಿಲ್ಲ ಕಣೇ. ಇದು ಹಾಕಿದೆ" ಅಂದರು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಒಂದು ಆಯಸ್ಸು ಪೂರ್ತಿ ಮಾಡಿದ್ದನ್ನು ಒಂದು ದಿನ ಬಿಡು ಅಂದರೆ ತಲೆ ಕೇಳಬಹುದು, ಕೈ ಎಲ್ಲಿ ಕೇಳುತ್ತದೆ? ಬಾಗಿಲಲ್ಲಿ ಗಂಡ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವಳಿಗೆ ಅವನ ಮುಖ ನೋಡಲು ಭಯವಾಯಿತು. ಆಯಿತು ಬಿಡು, ಹಣೇಲಿ ಬರೆದಿಲ್ಲ ಅನ್ನುತ್ತಾನೆ, ಗಿರಾಕಿಗೆ ಫೋನು ಮಾಡುತ್ತಾನೆ ಅಂದುಕೊಂಡಳು. ಅವನು ಮಷೀನಿನ ಕಡೆ ನೋಡಿದ. ಕೈ ನೋಡಿಕೊಂಡು ಕೂತ ಅಪ್ಪನ ಕಡೆ ನೋಡಿದ.

"ಗಾಡಿ ಹತ್ತಿ ಇಬ್ರೂ" ಅಂದ.

ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತರು. ಗಂಡ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. "ಮಾರೋದಾದ್ರೆ ಮಾರೋಣ. ಬೇರೆಯವ್ರ ಹಾಸಿಗೆ ನಮಗಿಂತ ಚೆನ್ನಾಗಿದೆ ಅಂತಾದ್ರೆ ಮಾರೋಣ. ಒಂದು ಗಂಟಿಗೋಸ್ಕರ ಮಾರೋದು ಬೇಡ" ಅಂತ ರಸ್ತೆಗೆ ಹೇಳಿದ ಹಾಗೆ ಹೇಳಿದ. ಸೊಸೆ ಅವನ ತೋಳು ಹಿಡಿದುಕೊಂಡಳು. ಇಷ್ಟು ದಿನ ಎತ್ತು ಏರಿಗೆ ಕೋಣ ನೀರಿಗೆ ಎಂಬಂತಿದ್ದವರು, ಇವತ್ತು ಒಂದೇ ಕಡೆ ಎಳೆಯುತ್ತಿದ್ದರು.

"ಅಂಚಿನ ಒಳಗಡೆ ಇದೆ, ಯಾರಿಗೂ ಕಾಣಲ್ಲ ಅಲ್ವಾ?" ಅಂದರು ಮಾವ, ಮೆಲ್ಲಗೆ.

"ಹತ್ತಿ ಎಂಥದ್ದು ಅಂತ ನೋಡ್ಬೇಕಾದ್ರೆ ನೀವಾದ್ರೆ ಎಲ್ಲಿ ಬಿಚ್ತೀರಾ ಮಾವ?"

"ಮೂಲೇನೇ ಬಿಚ್ತೀನಿ."

ಖರೀದಿ ವಿಭಾಗದ ಕಾರಿಡಾರಿನಲ್ಲಿ ಕೊನೆ ಗಳಿಗೆಯ ಜನ ತುಂಬಿದ್ದರು. ಸೊಸೆ ಏದುಸಿರು ಬಿಡುತ್ತ ಮೇಡಂ ಮುಂದೆ ನಿಂತು, ಮುಚ್ಚಿಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಡಂ ಮೊದಲ ಸಲ ಕನ್ನಡಕ ಮೇಲಕ್ಕೆ ಸರಿಸಿದರು.

"ಮೂರು ಗಂಟೆವರೆಗೂ ಕೊಟ್ಟಿದ್ದನ್ನ ವಾಪಸ್ ತಗೊಂಡು, ಸರಿಮಾಡಿ ಮತ್ತೆ ಕೊಡಬಹುದು. ನಿಯಮದಲ್ಲೇ ಇದೆ, ನಾನು ಮಾಡ್ತಿರೋ ಉಪಕಾರ ಏನಲ್ಲ. ಒಂದು ಅರ್ಜಿ ಬರೆದುಕೊಡಿ. ಮೂರಾದಮೇಲೆ ಮಾತ್ರ ನನ್ನ ಒಡಹುಟ್ಟಿದ ತಮ್ಮನೇ ಬಂದ್ರೂ ತಗೊಳ್ಳಲ್ಲ."

ಹಾಸಿಗೆ ಹೊರಗೆ ಬಂತು. ಮಾವ ಕಾರಿಡಾರಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಮೂಲೆಯನ್ನು ತೊಡೆಯ ಮೇಲೆಳೆದುಕೊಂಡರು. ಗಂಟು ಇತ್ತು. ಪಾಪ, ಎಷ್ಟು ಚೆನ್ನಾಗಿ ಹಾಕಿದ್ದರೆಂದರೆ ಸುಲಭಕ್ಕೆ ಜಗ್ಗುವಂತಿರಲಿಲ್ಲ. ಕಣ್ಣು ಮಸುಕಾಗುತ್ತಿತ್ತು, ದಬ್ಬಣದ ಮೊನೆ ಜಾರಿ ಜಾರಿ ಹೋಗುತ್ತಿತ್ತು. ಪಕ್ಕದಲ್ಲಿ ಫೋಮ್ ಕಂಪನಿಯ ಬೂಟಿನ ಯಜಮಾನರು ತಮ್ಮ ಲಕೋಟೆ ಹಿಡಿದು ನಿಂತಿದ್ದರು. ಬಗ್ಗಿ ನೋಡಿ, "ಕತ್ತರಿ ಹಾಕಿಬಿಡಿ ತಾತ" ಅಂದರು.

"ಕತ್ತರಿ ಹಾಕಿದ್ರೆ ತುಂಡು ಒಳಗೇ ಉಳಿಯುತ್ತೆ ಸ್ವಾಮಿ. ತಪ್ಪು ಎಳೆ ಎಳೆದ್ರೆ ಬಟ್ಟೆ ಹರಿಯುತ್ತೆ. ಬಿಚ್ಚಲೇಬೇಕು."

"ಕತ್ತಲಲ್ಲಿ ಎಂಥ ಬಿಚ್ತೀರಿ!" ಎಂದು ಗೊಣಗುತ್ತ ಆ ಯಜಮಾನರೇ ಹೋಗಿ ಕಾರಿಡಾರಿನ ಕಿಟಕಿ ತಳ್ಳಿ ತೆರೆದರು. ಬೆಳಕು ನೇರ ಮೂಲೆಯ ಮೇಲೆ ಬಿತ್ತು. ಮಗ ಎದುರು ಕೂತು ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ, ಚಿಕ್ಕಂದಿನಲ್ಲಿ ಅಪ್ಪನಿಗೆ ಹಿಡಿದುಕೊಡುತ್ತಿದ್ದ ಹಾಗೆಯೇ. "ನಿಧಾನಕ್ಕೆ ಅಪ್ಪ, ಹೊತ್ತಿದೆ" ಅಂದ. ಹೊತ್ತು ಅಷ್ಟೇನೂ ಇರಲಿಲ್ಲ. ಸೊಸೆ ಗೋಡೆ ಗಡಿಯಾರದ ಕಡೆ ಬೆನ್ನು ಮಾಡಿ ನಿಂತಳು.

ಗಂಟು ಬಿಟ್ಟಿತು. ಮಾವ ಕೆಂಪು ದಾರವನ್ನು ಒಂದು ಎಳೆಯೂ ಉಳಿಯದಂತೆ ತೆಗೆದು, ಬಿಳಿ ದಾರದಲ್ಲಿ ಅಂಚು ಮುಚ್ಚಿ, ಮೇಲೊಮ್ಮೆ ಅಂಗೈ ಆಡಿಸಿದರು. "ಹೆಸರಿಲ್ಲದ ಹಾಸಿಗೆ ಕೊಡ್ತಿರೋದು ಇದೇ ಮೊದಲು" ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಮೇಡಂ ಹಾಸಿಗೆಗೆ ಬರಿಯ ಒಂದು ಅಂಕಿ ಅಂಟಿಸಿ ಒಳಗೆ ಕಳಿಸಿದ ಸ್ವಲ್ಪ ಹೊತ್ತಿಗೆ ಪೆಟ್ಟಿಗೆಗೆ ಸೀಲು ಬಿತ್ತು.

ಗೆದ್ದು ಬಂದ ಹಾಗೆ ಮೂವರೂ ಮನೆಗೆ ಬಂದರು. ಆದರೆ ಮಾರನೆಯ ದಿನದಿಂದ ಮಾವ ಬೇರೆಯೇ ಆಗಿಬಿಟ್ಟರು. ಕೆಂಪು ದಾರದ ಉಂಡೆಯನ್ನು ಕಪಾಟಿನ ತಲೆಯ ಮೇಲೆ, ತಮ್ಮ ಕೈಗೆ ಸುಲಭಕ್ಕೆ ಸಿಗದ ಕಡೆ ಇಟ್ಟರು. ಹಿಂದಿನ ಬೀದಿಯ ಅಜ್ಜಿ ಹಿಂಜಿಸಿಕೊಂಡು ಹೋದ ಹಾಸಿಗೆಯನ್ನು ಮತ್ತೆ ಹೊರಿಸಿಕೊಂಡು ಬಂದು, "ಇದೇನಪ್ಪ, ಗಂಟೇ ಇಲ್ಲ? ನನ್ನ ಹಾಸಿಗೆ ಅದಲು ಬದಲಾಯ್ತಾ?" ಎಂದು ಜಗಳಕ್ಕೆ ನಿಂತರೂ ಹಾಕಲಿಲ್ಲ. ಅಜ್ಜಿ ಹೋದ ಮೇಲೆ ಸೊಸೆ ಕೇಳಿದಳು.

"ಯಾಕೆ ಮಾವ ಹೀಗೆ?"

"ಈ ಕೈ ನಂಬೋ ಹಂಗಿಲ್ಲಮ್ಮ. ಮಗ ಸೊಸೆ ಕಟ್ಟಿದ್ದನ್ನ ಒಂದೇ ಗಳಿಗೇಲಿ ಮುಳುಗಿಸ್ತಿತ್ತು."

ಸೊಸೆಗೆ, ಮಷೀನು ಉಳಿಸಿಕೊಳ್ಳಲು ಹೋಗಿ ಮಾವನನ್ನೇ ಕಳೆದುಕೊಂಡೆನಾ ಅಂತ ಅನ್ನಿಸಿತು. ಆ ಮಷೀನಾದರೂ ಉಳಿಯುತ್ತದೆಯೋ ಇಲ್ಲವೋ! ಗಿರಾಕಿ ಒಂದು ದಿನ ಬಂದು ಟೇಪು ಹಿಡಿದು ಬಾಗಿಲ ಅಗಲ ಅಳೆದುಕೊಂಡು ಹೋಗಿದ್ದ.

ತಿಂಗಳು ಇನ್ನೇನು ಮುಗಿಯಬೇಕು, ಮೊಬೈಲು ಕುಯ್ಯೆಂದಿತು. ಸೊಸೆ ಓದಿದಳು. ಓದಿ ನಂಬದೆ ಗಂಡನ ಕೈಗೆ ಕೊಟ್ಟಳು. ಹೊಸ ಹಾಸ್ಟೆಲು ಫೋಮ್ ಯಜಮಾನರ ಪಾಲಾಗಿತ್ತು. ಹಳೇ ಹಾಸ್ಟೆಲು ಇವರದು! ಗಂಡ ಓದಿದವನೇ ಮೊದಲು ಗಿರಾಕಿಗೆ ಫೋನು ಹಚ್ಚಿದ. "ಮಷೀನು ಕೊಡೋಕಾಗಲ್ಲ ಅಣ್ಣ, ತಪ್ಪು ತಿಳ್ಕೋಬೇಡಿ. ನಮಗೇ ಬೇಕು. ಹೂಂ, ಕೆಲಸ ಬಂದಿದೆ. ರಾಶಿ ಕೆಲಸ!" ಅಂದ. ಫೋನು ಇಟ್ಟು, ಗಾಡಿಯ ಗಾಜು ಒರೆಸಲು ಹೋದ. ಗಾಜು ಶುಭ್ರವಾಗಿಯೇ ಇತ್ತು.

ಮಾವ ಸೊಸೆಯ ತಲೆಯ ಮೇಲೆ ಕೈಯಿಟ್ಟರು. "ನೂರ್ಕಾಲ ಬಾಳು ಮಗಳೇ. ಹಿಂಜೋದು, ತುಂಬೋದು ನಾನು ನೋಡ್ಕೋತೀನಿ. ಕೊನೇ ಹೊಲಿಗೆ ಮಾತ್ರ ನನ್ನ ಕೈಗೆ ಕೊಡ್ಬೇಡ" ಅಂದರು. ಆ ಸಂತೋಷದ ಮಧ್ಯೆಯೂ ಕಪಾಟಿನ ಮೇಲಿನ ಉಂಡೆ ಸೊಸೆಯ ಕಣ್ಣಿಗೆ ಚುಚ್ಚುತ್ತಿತ್ತು.

ಮರುವಾರ ಕೆಲಸದ ಆದೇಶ ಕೈಗೆ ಬಂತು. ಸೊಸೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದಳು. ಅಳತೆ, ಬಟ್ಟೆ, ಕೊಡಬೇಕಾದ ದಿನ. ಮಾವ ಹತ್ತಿ ಬಿಡಿಸುತ್ತಲೇ ಹೂಂಗುಟ್ಟುತ್ತಿದ್ದರು. ಒಂದು ಕಡೆ ಅವಳ ಓದು ನಿಂತಿತು.

"ಏನಮ್ಮ? ಏನಾದ್ರೂ ತೊಂದ್ರೆನಾ?"

"ಹತ್ತಿ ಮತ್ತೆ ಹಿಂಜಿಕೊಡ್ತೀವಿ ಅಂತ ಬರೆದಿದ್ವಲ್ಲ ಮಾವ, ಅದನ್ನ ಒಪ್ಕೊಂಡಿದಾರೆ. ಅದಕ್ಕೇ..." ಅವಳು ಆ ಸಾಲಿಗೆ ಬೆರಳಿಟ್ಟಳು. ಬಿಡಿಸಿ ಓದಿದಳು. "ಮುಂದೆ ವಾಪಸ್ ಪಡೆಯುವಾಗ ಗುರುತಿಸಲು ಅನುಕೂಲವಾಗುವಂತೆ, ಪ್ರತಿಯೊಂದು ಹಾಸಿಗೆಯ ಮೇಲೂ ತಯಾರಕರ ಶಾಶ್ವತ ಗುರುತು ಇರತಕ್ಕದ್ದು. ಗುರುತಿಲ್ಲದ ಹಾಸಿಗೆಯನ್ನು ಸ್ವೀಕರಿಸಲಾಗುವುದಿಲ್ಲ."

ಮಾವನ ಕೈ ಹತ್ತಿಯೊಳಗೇ ನಿಂತಿತು.

"ಇನ್ನೊಂದ್ಸಲ ಓದು."

ಓದಿದಳು.

"ಅವ್ರೇ ಬರೆದಿದಾರಾ? ನೀನು ನಂಗೋಸ್ಕರ ಸೇರಿಸಿ ಓದ್ತಿಲ್ಲ ತಾನೇ?"

"ನಿಮ್ಮಾಣೆ ಮಾವ, ಇಲ್ಲೇ ಇದೆ ನೋಡಿ!"

ಮಾವ ನೋಡಲಿಲ್ಲ. ಎದ್ದು ಹೋಗಿ ಸ್ಟೂಲು ಎಳೆದುಕೊಂಡರು. ಮಗ ಓಡಿ ಬಂದು "ಬೀಳ್ತೀರಪ್ಪ, ನಾನು ತೆಗೀತೀನಿ" ಅಂದರೆ ಅವನನ್ನು ತಳ್ಳಿ ತಾವೇ ಹತ್ತಿ, ಕಪಾಟಿನ ತಲೆಯ ಮೇಲಿನ ಉಂಡೆ ಇಳಿಸಿದರು. ಅಂಗಿಯ ತುದಿಯಲ್ಲಿ ಧೂಳು ಒರೆಸಿದರು. ಬೆಳಕಿಗೆ ಬಂದು ಕೂತು, ದಬ್ಬಣಕ್ಕೆ ದಾರ ಪೋಣಿಸಿದರು. ಆಮೇಲೆ ಇನ್ನೊಂದು ದಬ್ಬಣ ತೆಗೆದು ಅದಕ್ಕೂ ಪೋಣಿಸಿದರು.

"ಇಷ್ಟೊಂದು ಹಾಸಿಗೆಗೆ ನನ್ನೊಬ್ಬನ ಕೈ ಸಾಲಲ್ಲ. ಬಾ, ಇಲ್ಲಿ ಕೂತ್ಕೋ."

ಸೊಸೆ ಬಂದು ಮಾವನ ಪಕ್ಕ ಕೂತಳು. ಸ್ಟೂಲಿನ ಪಕ್ಕವೇ ನಿಂತಿದ್ದ ಗಂಡ, "ನನ್ನ ಬಿಟ್ಟು ಅವಳಿಗಾ?" ಅಂತ ಹುಸಿಮುನಿಸು ತೋರಿಸಿದ.

"ನೀನು ಬಟ್ಟೆ ಹಿಡ್ಕೋ. ಅದು ನಿಂಗೆ ಚೆನ್ನಾಗಿ ಬರುತ್ತೆ" ಅಂದರು ಮಾವ.

ಅವಳ ಮೊದಲ ಗಂಟನ್ನು ಮಾವ ನೋಡಿ, "ಇದ್ಯಾರ ಮನೆ ಗಂಟಮ್ಮ?" ಅಂತ ಬಿಚ್ಚಿಹಾಕಿದರು. ಎರಡನೆಯದನ್ನು ಬೆರಳಲ್ಲಿ ತಡವಿ, ತಲೆಯಾಡಿಸಿ, ಅದನ್ನೂ ಬಿಚ್ಚಿದರು. ಅಷ್ಟರಲ್ಲಿ ಬಲಗಡೆಯ ಎಳೆ ಎಲ್ಲಿಂದ ಬರಬೇಕು, ಎಡಗಡೆಯದು ಎಲ್ಲಿ ನುಸುಳಬೇಕು ಎಂದು ಅವಳ ಬೆರಳಿಗೆ ಅರ್ಥವಾಗತೊಡಗಿತ್ತು. ಮೂರನೆಯದನ್ನು ಹಾಕಿ, ಮೂಲೆಯನ್ನು ಮಾವನ ಕಡೆ ಸರಿಸಿದಳು. ಮಾವ ಕಣ್ಣು ಮುಚ್ಚಿಕೊಂಡು, ವಾಪಸ್ ಬಂದ ಹಾಸಿಗೆಗೆ ಮಾಡುವಂತೆ, ಹೆಬ್ಬೆರಳಲ್ಲಿ ಹುಡುಕಿದರು.

"ನಮ್ಮನೇದೇ" ಅಂದರು.